ತೆಲಿಗಿ ಹಾಲಪ್ಪನ ಎರಡು ಮೊಳೆ

ಹಾಲಪ್ಪ ಕೂತು ಕ್ರಿಕೆಟ್ ನೋಡಿದ್ದನ್ನು ನಾನು ಕಾಣೆ. ನಮ್ಮ ತಂಡ ಆಡುವಷ್ಟು ಹೊತ್ತೂ ಸುತ್ತಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬೌಂಡರಿ ಗೆರೆಯ ಹೊರಗೆ ಸುತ್ತು ಹಾಕುತ್ತಿದ್ದ. "ಒಂದು ಕಡಿ ಕುಂದ್ರೋ ಮಾರಾಯಾ" ಎಂದರೆ, "ಕುಂತ್ರ ವಿಕೆಟ್ ಬೀಳ್ತಾವ್ರಿ ಸರ" ಎನ್ನುತ್ತಿದ್ದ. ಅವನು ಕೂರದಿದ್ದರೂ ಬೀಳುತ್ತಿದ್ದವು. ಆಗ ಇನ್ನೂ ಜೋರಾಗಿ ನಡೆಯುತ್ತಿದ್ದ.

ತೊಂಬತ್ತರ ದಶಕದ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಿನ ಹುಡುಗರನ್ನು ಸೇರಿಸಿ ಒಂದು ತಂಡ ಕಟ್ಟಿದ್ದೆವು. ವಿಭಾಗ ಮಟ್ಟದ ಟೂರ್ನಿಯಲ್ಲಿ ಆಡುತ್ತಿತ್ತು. ನಾನು ಹರಪನಹಳ್ಳಿ ಹೈಸ್ಕೂಲಿನ ಡ್ರಿಲ್ ಮಾಸ್ತರ, ತಂಡದ ಮ್ಯಾನೇಜರ್. ಬೆಳಗ್ಗೆ ಆರೂವರೆಗೆ ಹಾಜರಿ. ತಡವಾಗಿ ಬಂದವನಿಗೆ ಮೈದಾನದ ಸುತ್ತ ಓಟ.

ಆಗ ನಮ್ಮ ಕಡೆ ಟರ್ಫ್ ಪಿಚ್ ಇರಲಿಲ್ಲ. ನೆಲ ಗಟ್ಟಿಮಾಡಿ, ಮೇಲೆ ನಾರಿನ ಮ್ಯಾಟು ಹಾಸಿ, ಅಂಚಿಗೆಲ್ಲ ಮೊಳೆ ಹೊಡೆದು ಆಡಿಸುವುದು. ಆ ಕೆಲಸ ಹಾಲಪ್ಪನದು. ಹತ್ತಿರದ ಹಳ್ಳಿ ತೆಲಿಗಿಯಲ್ಲಿ ಕಂಬಳಿ ನೇಯುವವನು. ಮೊದಲ ಬಸ್ಸಿಗೆ ಬಂದಿಳಿದು, ನನಗಿಂತ ಮುಂಚೆ ಮೈದಾನದಲ್ಲಿ ಇರುತ್ತಿದ್ದ. ಮೊಳೆ ಹೊಡೆದ ಮೇಲೆ ಬೆರಳ ಗೆಣ್ಣಿನಿಂದ ಮ್ಯಾಟು ಬಡಿದು ಕಿವಿಗೊಡುತ್ತಿದ್ದ. "ಮಗ್ಗದಾಗ ಹಾಸಿನ ಎಳಿ ಸಡ್ಲ ಆದ್ರ ಕಂಬಳಿ ಡೊಂಕು. ಇದೂ ಹಂಗ."

ಬೇರೆ ಊರಿಗೆ ಹೋಗುವಾಗ ಮ್ಯಾಟು ಸುತ್ತಿ ಬಸ್ಸಿನ ಮೇಲೆ ಹಾಕಿಸುತ್ತಿದ್ದ. ಒಮ್ಮೆ ಕಂಡಕ್ಟರ್, "ಏನ್ ಮಾವಾ, ಹೆಣ ಸಾಗಿಸ್ತೀ?" ಎಂದ.

"ಹೆಣ ಅಲ್ಲಲೇ, ಹನ್ನೊಂದು ಮಂದಿ ಜೀವ ಐತಿ ಅದ್ರಾಗ. ಸಾವಕಾಶ ಇಳಸು."

ಒಂದು ವರ್ಷ ಸೆಮಿಫೈನಲ್ ಹರಪನಹಳ್ಳಿಯಲ್ಲೇ ನಡೆಯಿತು. ಗೆದ್ದರೆ ಮೊದಲ ಸಲ ಫೈನಲ್. ಫೈನಲ್ ನೋಡಲು ರಾಜ್ಯ ತಂಡ ಆರಿಸುವವರು ಬರುತ್ತಿದ್ದರು. ನಾವು ಮೊದಲು ಬ್ಯಾಟು ಮಾಡಿ ಕಡಿಮೆ ರನ್ನಿಗೆ ಮುಗಿಸಿದೆವು. ಊಟದ ಬಿಡುವಿನಲ್ಲಿ ಹಾಲಪ್ಪ ಮ್ಯಾಟು ಬಿಗಿಯುತ್ತಿದ್ದಾಗ ನಮ್ಮ ನಾಯಕ, ಕೊಟ್ಟೂರಿನ ಶೇಖರ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನೇ ತಂಡದ ಸ್ಪಿನ್ನರ್.

"ಹಾಲಪ್ಪಣ್ಣ, ಈ ಎರಡು ಮೊಳಿ ಕಿತ್ತುಬಿಡು. ಮ್ಯಾಟು ಸಡ್ಲಾಗಿ, ಬಾಲ್ ಇಲ್ಲಿ ಬಿದ್ರ ನಿಂತು ಬರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ."

"ಏ ಹೋಗಲೇ."

"ವಯಸ್ಸಿನ ಲೆಕ್ಕದಾಗ ಇದಾ ಕಡೀ ವರ್ಷ ಅಣ್ಣ ನನಗ. ಇವತ್ತು ಸೋತ್ರ ನನ್ನ ಯಾರು ನೋಡ್ತಾರ?"

ಹಾಲಪ್ಪ ತಲೆಯೆತ್ತಿ ನನ್ನತ್ತ ನೋಡಿದ. ನಾನು ಹತ್ತು ಹೆಜ್ಜೆ ಆಚೆ ನಿಂತಿದ್ದೆ, ಮಾತು ಕೇಳಿತ್ತು. ನೀರಿನ ಕೊಡದ ಕಡೆ ನಡೆದುಬಿಟ್ಟೆ.

ಆಟ ಶುರುವಾಯಿತು. ಶೇಖರ ಮೂರು ಓವರಿನಲ್ಲಿ ಮೂವರನ್ನು ಔಟ್ ಮಾಡಿದ. ಜನ ಕುಣಿದರು. ಹಾಲಪ್ಪ ಮಾತ್ರ ಗೆರೆಯ ಗುಂಟ ಹೋಗುತ್ತಿದ್ದ, ಅರ್ಧಕ್ಕೆ ತಿರುಗುತ್ತಿದ್ದ, ಮತ್ತೆ ಹೋಗುತ್ತಿದ್ದ. ನಾಲ್ಕನೆಯ ಓವರಿಗೆ ಶೇಖರ ಚೆಂಡು ಕೈಗೆತ್ತಿಕೊಂಡಾಗ ಸುತ್ತಿಗೆ ಹಿಡಿದು ಮೈದಾನದೊಳಕ್ಕೆ ಓಡಿದ. ಎಲ್ಲರ ಎದುರಿಗೆ ಮಂಡಿಯೂರಿ ಎರಡು ಮೊಳೆ ಹೊಡೆದ. ಎದ್ದು ಅಂಪೈರಿಗೆ ಕೈಮುಗಿದ.

"ನಾನಾ ಕಿತ್ತಿದ್ದೆ ಸರ. ಹುಡುಗ್ರದು ಏನೂ ತಪ್ಪಿಲ್ಲ."

ಗಲಾಟೆಯಾಯಿತು. ಅಂಪೈರ್ ಆ ವಿಕೆಟ್‌ಗಳನ್ನು ರದ್ದು ಮಾಡಿದ, ಔಟಾದ ಮೂವರೂ ಮತ್ತೆ ಬ್ಯಾಟು ಹಿಡಿದರು. ಸಂಜೆಗೆ ಮುಂಚೆಯೇ ಸೋತೆವು. "ನಮ್ಮ ಅನ್ನಕ್ಕ ಮಣ್ಣು ಹಾಕಿದಿ" ಎಂದು ಶೇಖರ ಅತ್ತ. ಅವನನ್ನು ಯಾರೂ ಆರಿಸಲಿಲ್ಲ. ಹಾಲಪ್ಪ ಆಮೇಲೆ ಮೈದಾನಕ್ಕೆ ಬರಲಿಲ್ಲ. ತಂಡವೂ ಎರಡು ವರ್ಷದಲ್ಲಿ ಒಡೆಯಿತು.

ನಿವೃತ್ತಿಯ ಮೇಲೆ ಒಂದು ದಿನ ತೆಲಿಗಿಗೆ ಹೋದೆ. ಹಾಲಪ್ಪ ಸೊರಗಿದ್ದ. ಚಹಾ ತರಿಸಿದ. ಹೇಳಲೆಂದೇ ಹೋಗಿದ್ದೆ, ಹೇಳಿದೆ: "ಅವತ್ತು ಶೇಖರ ಅಂದಿದ್ದು ನನಗೂ ಕೇಳಿತ್ತು ಹಾಲಪ್ಪ."

"ಗೊತ್ತೈತ್ರಿ" ಎಂದ, ತಕರಾರಿಲ್ಲದ ದನಿಯಲ್ಲಿ. "ನೀವು ಎಲ್ಲಾರನ್ನೂ ಬೈಯೋ ಮನುಷ್ಯಾರು, ಈಗ ಬೈತಾರ, ಈಗ ಬೈತಾರ ಅಂತ ಮೂರು ಓವರ್ ಕಾದೆ. ನೀವು ಬೈಲಿಲ್ಲ. ಮತ್ಯಾರು ಓಡಬೇಕ್ರಿ?"

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವನಿಗೂ ಅದು ಗೊತ್ತಿತ್ತು. ಬಾಗಿಲ ತನಕ ಬಂದು, "ಹುಷಾರಾಗಿ ಹೋಗ್ರಿ ಸರ" ಎಂದ. ಮುಂದಿನ ಬೇಸಿಗೆಗೆ ಹಾಲಪ್ಪ ಇರಲಿಲ್ಲ.