ಗುಜರಿಗೆ ಹೋಗದ ಅಂಬಾಸಿಡರ್

ಮಧುಗಿರಿಯಲ್ಲಿ ಸರ್ವಮಂಗಳಾ ಎಂದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ಕಾರಿನ ನರ್ಸಮ್ಮ ಎಂದರೆ ಬಸ್‌ಸ್ಟ್ಯಾಂಡಿನ ಹೂವಿನವಳೂ ಮನೆ ತೋರಿಸುತ್ತಾಳೆ. ಮದುವೆ ಬೇಡವೆಂದು ಹಟ ಹಿಡಿದು ನರ್ಸಿಂಗ್ ಓದಿದ ಹೆಣ್ಣು. ಕೆಲಸ ಸಿಕ್ಕ ಮೇಲೆ ಹರಾಜಿನಲ್ಲಿ ಒಂದು ಬಿಳಿ ಅಂಬಾಸಿಡರ್ ಹಿಡಿದು ತಂದಾಗ, "ಗಂಡನ್ನ ಕಟ್ಕೊಳೋದು ಬುಟ್ಟು ಕಾರು ಕಟ್ಕೊಂಡ್ಳು" ಎಂದು ಬೀದಿಯವರು ಆಡಿಕೊಂಡರು. ಹಾಗೆ ಆಡಿಕೊಂಡವರ ಮನೆಯ ಬಸುರಿಯರನ್ನೇ ಅವಳು ಅದೇ ಕಾರಿನಲ್ಲಿ ಆಸ್ಪತ್ರೆಗೆ ತಂದಳು. ಐ.ಡಿ.ಹಳ್ಳಿ ಕಡೆಯ ಒಂದು ಕೂಸಂತೂ ದಾರಿಯಲ್ಲೇ, ಹಿಂದಿನ ಸೀಟಿನಲ್ಲೇ ಹುಟ್ಟಿತು.

ನಿವೃತ್ತಿಯಾದ ಮೇಲೂ ಕಾರು ಓಡುತ್ತಲೇ ಇತ್ತು. ಆದರೆ ಈ ಬೇಸಿಗೆಯಲ್ಲಿ ಅಂಗಳದ ತುಂಬ ಪೆಟ್ರೋಲು ವಾಸನೆ ಹೊಡೆಯತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಕೆಳಗೆ ನೆಲ ಒದ್ದೆ. ಅದೇ ಕಾಂಪೌಂಡಿನಲ್ಲಿ ತಮ್ಮ ರೇಣುಕಪ್ರಸಾದನ ಸಂಸಾರ.

"ಅಕ್ಕ, ಒಂದು ಕಿಡಿ ಬಿದ್ರೆ ಮನೆಮಂದಿಯೆಲ್ಲ ಬೂದಿ. ಕೊಟ್ಬುಡು ಅದನ್ನ ಗುಜರಿಗೆ" ಎಂದ ಅವನು.

ಅವನ ಭಯ ಸುಳ್ಳಲ್ಲ ಎಂದು ಸರ್ವಮಂಗಳಾಗೆ ಗೊತ್ತಿತ್ತು. ಬ್ಯಾಟರಿಯ ವೈರು ಬಿಚ್ಚಿದಳು. ಅಕ್ಕಪಕ್ಕದವರನ್ನು ಕರೆದು ಕಾರನ್ನು ಎದುರಿನ ಖಾಲಿ ಸೈಟಿನ ಹೊಂಗೆಮರದ ಕೆಳಕ್ಕೆ ತಳ್ಳಿಸಿದಳು. "ನಿನ್ನ ಭಯಕ್ಕೆ ಇದು ಮದ್ದು. ಮಾರೋ ಮಾತು ಮಾತ್ರ ಇನ್ನೊಂದ್ಸಲ ಎತ್ಬೇಡ ಕಣೋ" ಎಂದಳು.

ಬೈಪಾಸಿನ ಗ್ಯಾರೇಜಿನವರು ಬಂದು ನೋಡಿ, ಬಾನೆಟ್ಟನ್ನೂ ಎತ್ತದೆ, "ಇದ್ರ ಸಾಮಾನು ಸಿಗಲ್ಲ ಮೇಡಂ" ಎಂದು ಹೊರಟುಹೋದರು. ಇನ್ನೊಬ್ಬ ಎಲ್ಲೋ ಒಂದಿಷ್ಟು ಅಂಟು ಮೆತ್ತಿದ; ಮಾರನೆಯ ದಿನ ಮತ್ತೆ ಸೋರಿತು. ಸರ್ವಮಂಗಳಾ ಸಿರಾ ಬಸ್ಸು ಹತ್ತಿದಳು. ಹಿಂದೆಲ್ಲ ಈ ಕಾರನ್ನು ರಿಪೇರಿ ಮಾಡುತ್ತಿದ್ದ ಮರುಳಸಿದ್ದಯ್ಯ ಮಂಡಿನೋವಿಗೆ ಸೋತು ಗ್ಯಾರೇಜು ಮುಚ್ಚಿ ಸಿರಾದ ಮನೆಯಲ್ಲಿದ್ದರು.

"ನಂಗೆ ಬಗ್ಗಕ್ಕಾಗಲ್ಲ ನರ್ಸಮ್ಮ. ಕಾರಿನ ಕೆಳೀಕೆ ಹೋಗೋರ್ಯಾರು?"

"ನಾನು."

"ಈ ವಯಸ್ನಾಗೆ?"

"ಗುಡಿಸಲ ನೆಲದ ಮೇಲೆ ಮಂಡಿಯೂರಿ ಹೆರಿಗೆ ಮಾಡ್ಸಿದೋಳು ನಾನು. ಕಾರಿನ ಕೆಳಗೆ ಮಲಗೋದೇನು ಮಹಾ? ನೀವು ಕುರ್ಚಿ ಮೇಲೆ ಕೂತು ಹೇಳಿ, ಸಾಕು."

ಭಾನುವಾರ ಮರುಳಸಿದ್ದಯ್ಯ ಬಂದರು. ಸರ್ವಮಂಗಳಾ ತಮ್ಮನ ಹಳೇ ಪ್ಯಾಂಟು ತೊಟ್ಟು, ತಲೆಗೆ ಟವೆಲ್ಲು ಸುತ್ತಿ ನಿಂತಿದ್ದಳು. ಕುರ್ಚಿಯಲ್ಲಿ ಕೂತವರೇ ಅವರು ಅಭ್ಯಾಸಬಲದಿಂದ ಬೀಡಿ ತೆಗೆದರು. ಅವಳು ಅದನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು. "ಮರೆತ್ಬುಟ್ಟೆ ಕಣಮ್ಮ" ಎಂದು ನಕ್ಕರು.

ಜಾಕ್ ಏರಿಸಿ, ಬೀಳದಂತೆ ಕಲ್ಲುಚಪ್ಪಡಿ ಕೊಟ್ಟು, ಟ್ಯಾಂಕಿನಿಂದ ಇಂಜಿನ್ನಿನವರೆಗೆ ಹೋಗುವ ಪೈಪನ್ನು ಅವಳು ಕಾರಿನ ಕೆಳಗೆ ಮಲಗಿ ಒರೆಸಿದಳು. ಹಳೆಯ ಜಿಡ್ಡಿನಲ್ಲಿ ಎಲ್ಲಿ ಸೋರುತ್ತಿದೆಯೋ ತಿಳಿಯದು. "ಬಿಳೀ ಪುಡಿ ಏನಾದ್ರೂ ಇದ್ರೆ ಉದುರ್ಸಿ. ಒದ್ದೆ ಆಗಿದ್ ಕಡೆ ಕಪ್ಪಾಗ್ತದೆ" ಎಂದರು ಮರುಳಸಿದ್ದಯ್ಯ. ತಮ್ಮನ ಹೆಂಡತಿ ಈಶ್ವರಮ್ಮ ಗಂಡನ ಮುಖವನ್ನೂ ನೋಡದೆ ಒಳಗೆ ಹೋಗಿ ವಿಭೂತಿಗಟ್ಟಿಯನ್ನೇ ಪುಡಿ ಮಾಡಿ ತಂದುಕೊಟ್ಟಳು.

ರೇಣುಕಪ್ರಸಾದ ಕೆರಳಿದ. "ವಿಭೂತೀನ ಕಾರಿಗೆ ಬಳೀತೀರಾ?"

"ಶಿವನಿಗೂ ಗೊತ್ತಾಗ್ಲಿ ಬುಡು, ಎಲ್ಲಿ ಸೋರ್ತೈತೆ ಅಂತ" ಎಂದಿತು ಕೆಳಗಿನಿಂದ ಬಂದ ದನಿ.

ಮೊದಲು ಇಂಜಿನ್ನಿನ ಬಳಿಯ ರಬ್ಬರ್ ಪೈಪು ಸಿಕ್ಕಿತು. ಒತ್ತಿದರೆ ಬಿರುಕು ಬಿಡುತ್ತಿತ್ತು. ಅದನ್ನು ಬದಲಾಯಿಸಿ ಮತ್ತೆ ವಿಭೂತಿ ಉದುರಿಸಿದಾಗ ಹಿಂದಿನ ಚಕ್ರದ ಹತ್ತಿರ ಕಪ್ಪು ಚುಕ್ಕೆಯೊಂದು ಮೂಡಿತು. ಕ್ಲಿಪ್ಪು ಸಡಿಲವಾಗಿ, ಕಬ್ಬಿಣದ ಪೈಪು ಕಾರಿನ ಅಡಿಯ ಚಾಸಿಗೆ ಉಜ್ಜಿ ಉಜ್ಜಿ ತೂತಾಗಿತ್ತು.

"ಇಲ್ಲಿಗೆ ಅಂಟು ಹಾಕ್ಲಾ?"

"ಕಾಲು ಮುರ್ದೋನಿಗೆ ಸುಣ್ಣ ಬಳೀತೀರಾ? ಪೂರ್ತಿ ಪೈಪು ಬಿಚ್ರಿ."

ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗಿಳಿಸಿ ದೂರ ಇಟ್ಟರು. ಮರುಳಸಿದ್ದಯ್ಯ ತಂದಿದ್ದ ತಾಮ್ರದ ಪೈಪನ್ನು ಸರ್ವಮಂಗಳಾ ಈಶ್ವರಮ್ಮನ ಬಿಂದಿಗೆಯ ಮೈಗೆ ಒತ್ತಿ, ಹಳೆಯ ಪೈಪಿನ ಬಳುಕಿನಂತೆಯೇ ಬಗ್ಗಿಸಿದಳು. ಮರುಳಸಿದ್ದಯ್ಯನವರ ಮಂಡಿ ಹೋಗಿದ್ದರೂ ಕೈ ಹೋಗಿರಲಿಲ್ಲ. ಪೈಪಿನ ತುದಿಗಳನ್ನು ಕಹಳೆಯಂತೆ ಅರಳಿಸಿ ಕೊಟ್ಟರು. ಇನ್ನು ಉಜ್ಜದಿರಲೆಂದು ಕ್ಲಿಪ್ಪುಗಳೊಳಗೆ ರಬ್ಬರು ಸುತ್ತಿಸಿದರು.

ಅವಳು ಕೊನೆಯ ನಟ್ಟು ಬಿಗಿಯುತ್ತಿದ್ದಾಗ ಸೈಟಿಗೆ ಒಂದು ಕ್ರೇನು ಬಂದು ನಿಂತಿತು. ರೇಣುಕಪ್ರಸಾದ ಅಕ್ಕನಿಗೆ ಹೇಳದೆ ತುಮಕೂರಿನ ಗುಜರಿಯವನನ್ನು ಕರೆಸಿದ್ದ.

"ಮೇಲಕ್ಕೆ ಬಾ ಅಕ್ಕ. ಮಾತಾಗ್ಬುಟ್ಟೈತೆ."

"ಯಾರ ಜೊತೆ? ಕಾರು ನನ್ನ ಹೆಸರಲ್ಲೈತೆ. ನನ್ನ ಜೊತೆ ಯಾರೂ ಮಾತಾಡಿಲ್ಲ." ಅವಳು ಹೊರಗೆ ಬರಲಿಲ್ಲ. ಎರಡು ಪಾದಗಳಷ್ಟೇ ಕಾಣುತ್ತಿದ್ದವು. "ಎಳ್ಕೊಂಡೋಗೋರು ನನ್ನ ಸಮೇತ ಎಳ್ಕೊಂಡೋಗ್ಲಿ."

ಗುಜರಿಯವನು ಆ ಪಾದಗಳನ್ನೂ ರೇಣುಕಪ್ರಸಾದನನ್ನೂ ನೋಡಿ, "ನಿಮ್ಮ ಮನೆ ಪಂಚಾಯ್ತಿ ಮುಗಿಸ್ಕೊಂಡು ಫೋನ್ ಮಾಡಿ ಸಾರ್" ಎಂದು ಕ್ರೇನು ತಿರುಗಿಸಿದ. ಸರ್ವಮಂಗಳಾ ಮಿಸುಕದೆ ನಟ್ಟನ್ನು ಬಿಗಿದು ಮುಗಿಸಿದಳು. ಬೆನ್ನ ಕೆಳಗಿನ ಕಲ್ಲು ಚುಚ್ಚುತ್ತಿದ್ದದ್ದು ಅವಳಿಗೆ ಆಗಲೇ ಗೊತ್ತಾದದ್ದು.

ಪೆಟ್ರೋಲು ಸುರಿದು, ಬ್ಯಾಟರಿ ಜೋಡಿಸಿ, ಕೀ ತಿರುಗಿಸಿದಳು. ಇಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಪೈಪಿನುದ್ದಕ್ಕೂ ಹಚ್ಚಿದ್ದ ವಿಭೂತಿ ಬೆಳ್ಳಗೇ ಉಳಿಯಿತು. ರೇಣುಕಪ್ರಸಾದ ತಾನೇ ನೆಲಕ್ಕೆ ಕೈಯೂರಿ ಬಗ್ಗಿ, ಟಾರ್ಚು ಬಿಟ್ಟು ನೋಡಿದ, ಮೂಸಿದ. ಎದ್ದು ಕೈ ಒರೆಸಿಕೊಂಡ.

"ಸೋರ್ತಿಲ್ಲ" ಎಂದ ಒಲ್ಲದ ದನಿಯಲ್ಲಿ. "ಆದ್ರೂ ಅಂಗಳಕ್ಕೆ ಬೇಡ. ಇಲ್ಲೇ ಇರ್ಲಿ. ಒಂದು ತೊಟ್ಟು ಕಂಡ್ರೂ ಗುಜರಿಗೇ."

"ಇಲ್ಲೇ ಇರ್ಲಿ, ಒಪ್ಕೊಂಡೆ. ತೊಟ್ಟು ಕಂಡ್ರೆ ನಾನೇ ಮತ್ತೆ ಕೆಳಗೆ ಮಲಗ್ತೀನಿ. ಗುಜರಿಯೋನ ನಂಬರ್ ಅಳಿಸ್ಬುಡು."

ಮಸಿ ಮೆತ್ತಿದ ಪ್ಯಾಂಟಿನಲ್ಲೇ ಅವಳು ಸ್ಟೀರಿಂಗ್ ಹಿಡಿದಳು. ಮರುಳಸಿದ್ದಯ್ಯ ಹೇಗೋ ಕಾಲು ಮಡಿಸಿ ಪಕ್ಕದಲ್ಲಿ ಕೂತರು. ಅಂಬಾಸಿಡರ್ ಸಿರಾ ರಸ್ತೆಗೆ ತಿರುಗಿತು. ಬೀದಿಯವರು ಜಗಲಿಗೆ ಬಂದು ನೋಡುತ್ತಿದ್ದರು; ಅವಳು ಬೇಕೆಂದೇ ಉದ್ದಕ್ಕೂ ಹಾರನ್ ಒತ್ತಿದಳು.