ಅತ್ತೆ ಬಿಡದ ನಲ್ಲಿ

ಗಡಿಯಾರ ರಿಪೇರಿಯವನ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ಅಂಗಡಿ ಬೀದಿಯೆಲ್ಲ ನಂಬಿತ್ತು. ಗ್ರಹಚಾರಕ್ಕೆ ಮನೆಯವರೂ ನಂಬಿದ್ದರು. ಆವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದ, ನೀರು ಬರಲಿಲ್ಲ. ಮುಚ್ಚದೆ ಹಾಗೇ ಬಿಟ್ಟು ಅಂಗಡಿಗೆ ಹೋದ. ಮಧ್ಯಾಹ್ನ ಊಟಕ್ಕೆ ಬಂದರೆ ನಡುಮನೆಯ ಕಾರ್ಪೆಟ್ ಕಾಲಡಿ ಪಚಪಚ ಎನ್ನುತ್ತಿತ್ತು. ಬೆಳಗಿನ ನಲ್ಲಿ ನೆನಪಾಗಿ ಓಡಿಹೋಗಿ ಮುಚ್ಚಿದ.

ಆಗತಾನೇ ಕೆಲಸದಿಂದ ಬಂದ ಹೆಂಡತಿ ರೇಗಿದಳು. "ಅಮ್ಮಾ, ನಲ್ಲಿ ಬಿಟ್ಟು ಮಲಗಿಬಿಟ್ಯಾ?"

ನಿದ್ದೆಯಿಂದೆದ್ದ ಅತ್ತೆ ಹಣೆ ಒತ್ತಿಕೊಂಡರು. "ನಾನೇ ಇರ್ಬೇಕು ಕಣೆ. ಈಚೆಗೆ ಏನೂ ನೆನಪಿರಲ್ಲ."

ಅವನು ಬಾಯಿ ತೆರೆದ. ಹೊರಬಂದದ್ದು ಮಾತ್ರ, "ಹೋಗ್ಲಿ ಬಿಡಿ ಅತ್ತೆ."

ಆ ಒಂದು ಮಾತಿಗೆ ಮೂರು ದಿನ ಒದ್ದಾಡಿದ. ಟವೆಲ್ ಹಾಸಿ ತುಳಿದು ನೀರು ಹೀರಿಸಿ ಬಕೆಟ್ಟಿಗೆ ಹಿಂಡಿದ, ಅಂಚುಗಳನ್ನು ಕುರ್ಚಿಯ ಮೇಲೆತ್ತಿ ಅಡಿಗೆ ಫ್ಯಾನಿಟ್ಟ, ಗಳಿಗೆಗೊಮ್ಮೆ ಮಂಡಿಯೂರಿ ಮುಗ್ಗಲು ಮೂಸಿದ. "ನಮ್ಮ ಅಳಿಯಂದ್ರು ಅಪರಂಜಿ, ಒಂದು ಮಾತೂ ಬೈಲಿಲ್ಲ," ಎಂದು ಅತ್ತೆ ಪಕ್ಕದ ಮನೆಯಾಕೆಗೆ ಹೇಳುವುದು ಕೇಳಿ, ನೆಲ ಬಾಯಿಬಿಡಬಾರದೇ ಎನ್ನಿಸಿತು.

ನಾಲ್ಕನೆಯ ದಿನ ಕಾರ್ಪೆಟ್ ಒಣಗಿತು. ಇನ್ನಾದರೂ ಹೇಳಿಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದ. ಅತ್ತೆ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತಿದ್ದರು.

"ಅಳಿಯಂದ್ರೇ, ಚೂರು ಹಾಲು ಕಾಯಿಸಿ ಕೊಡ್ತೀರಾ? ಇನ್ಮೇಲೆ ಗ್ಯಾಸ್ ಹತ್ರ ನಾನು ಹೋಗಲ್ಲ. ನನ್ನನ್ನ ನಂಬೋ ಹಾಗಿಲ್ಲ."

ಅವನು ಹಾಲಿಟ್ಟ. ಅತ್ತೆ ಹೊಸ್ತಿಲಾಚೆಯಿಂದ ಏನೋ ಹೇಳುತ್ತಲೇ ಇದ್ದರು; ನಲ್ಲಿಯ ಮಾತು ಎಲ್ಲಿಂದ ಶುರುಮಾಡುವುದೆಂದು ಅವನು ಅವರತ್ತ ತಿರುಗಿ ನಿಂತ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

"ಅಯ್ಯೋ, ತಪ್ಪು ನಂದೇ," ಎಂದರು ಅತ್ತೆ. "ನಾನು ಮಾತಾಡಿಸ್ಬಾರ್ದಿತ್ತು."