ಚೇಳಿನ ಮದ್ದಿನ ಪುಟಕ್ಕೆ ಹಾವು ಸೇರಿದ್ದು

ಚೇಳು ಕುಟುಕಿದ ಜಾಗಕ್ಕೆ ಸೊಪ್ಪಿನ ರಸ ಹಚ್ಚೋದು ನನಗೆ ನಮ್ಮತ್ತೆ ಕಲಿಸಿದ್ದು. ಉರಿ ಕಮ್ಮಿಯಾಗ್ತದೆ, ಅಷ್ಟೇ. ಇನ್ಯಾವ ಮದ್ದೂ ನನಗೆ ಗೊತ್ತಿಲ್ಲ. ಅಜ್ಜಂಪುರದ ಪಕ್ಕದ ನಮ್ಮೂರಿಗೆ ಸುತ್ತಲ ನಾಕು ಹಳ್ಳಿಯವರು ಬರ್ತಿದ್ರು. ಮದ್ದಿಗೆ ಅಂತ ಬಂದೋರನ್ನ ಹಚ್ಚದೆ ಕಳಿಸಬಾರದು ಅನ್ನೋದು ನಮ್ಮತ್ತೆ ಹಾಕಿದ ಕಟ್ಟಳೆ. ನಾನು ಒಂದ್ಸಲಾನೂ ಮೀರಿರಲಿಲ್ಲ.

ನನ್ನ ಸೊಸೆ ತರೀಕೆರೆಲಿ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡೋ ಕೆಲಸಕ್ಕೆ ಹೋಗ್ತಾಳೆ. ಕೈ ಪಳಗಲಿ ಅಂತ ನನ್ನ ಮದ್ದಿನದೂ ಒಂದು ಮಾಡಿದ್ಲು. ಜನ ಫೋನಲ್ಲಿ ಯಾವ ಮಾತು ಹಾಕಿ ಹುಡುಕ್ತಾರೋ ಆ ಮಾತು ತಲೆಬರಹದಲ್ಲಿ ಇರಬೇಕಂತೆ. ಒಳಗೂ ಅದನ್ನೇ ದಪ್ಪ ಅಕ್ಷರ ಮಾಡಬೇಕಂತೆ. ಅದನ್ನ ಮುಟ್ಟಿದ್ರೆ ಇನ್ನೊಂದು ಪುಟ ತೆರಕೊಳ್ಳೋ ಹಂಗೆ ಲಿಂಕ್ ಕೊಡಬೇಕಂತೆ.

"ಹಂಗೆ ಮಾಡಿದ್ರೆ ನಮ್ಮದು ಎಲ್ಲರಿಗಿಂತ ಮೇಲೆ ಬರ್ತದೆ ಅತ್ತೆ. ಸಂತೆ ಬಾಗಿಲಲ್ಲೇ ಜಾಗ ಸಿಕ್ಕಿದಂಗೆ" ಅಂದ್ಲು.

ನಾನು ಅಕ್ಷರ ಕೂಡಿಸಿ ಕೂಡಿಸಿ ಓದೋಳು. ಎರಡು ಸಾಲು ಓದಿ ಸಾಕು ಅಂತ ಬಿಟ್ಟೆ. ಪೂರ್ತಿ ಓದಬೇಕಿತ್ತು.

ಒಂದು ದಿನ ಬೆಳಗ್ಗೆ ಹಟ್ಟಿ ಮುಂದೆ ಒಂದು ಬೈಕು ಬಂದು ನಿಂತ್ಕೊಂತು. ಸಿಂಗಟಗೆರೆ ಕಡೆಯ ಗಂಡ ಹೆಂಡತಿ. ಹೆಂಡತೀನ ಟವೆಲಲ್ಲಿ ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದ. ಅವಳ ಕಾಲು ಮಂಡಿವರೆಗೆ ಊದಿತ್ತು, ಕಣ್ಣಿನ ರೆಪ್ಪೆ ಮೇಲೆ ಏಳ್ತಿರಲಿಲ್ಲ.

"ಅಜ್ಜಿ, ಬೇಗ ಹಚ್ಚಿ. ನಾಗರಹಾವು."

"ನಾನು ಹಾವಿಗೆ ಕೊಡಲ್ಲ ಕಣಪ್ಪಾ. ಯಾರು ಹೇಳಿದ್ದು ನಿಂಗೆ?"

ಅವನು ಫೋನ್ ಹಿಡಿದ. ಎಲ್ಲಕ್ಕಿಂತ ಮೇಲೆ ನಮ್ಮದೇ ಇತ್ತು. ಹಾವು ಕಡಿತಕ್ಕೆ ಮನೆಮದ್ದು ಅಂತ ದಪ್ಪಕ್ಕೆ ಬರೆದಿತ್ತು. ಮುಟ್ಟಿದ್ರೆ ನಮ್ಮೂರ ದಾರಿ.

"ಕಡೂರಲ್ಲಿ ಆಸ್ಪತ್ರೆ ಇರಲಿಲ್ವೇನೋ?"

"ಅದರ ಮುಂದ್ಲಿಂದಾನೇ ಬಂದ್ವಿ. ಇಲ್ಲಿ ಹಿಂಗೆ ಬರ್ದಿತ್ತಲ್ಲ."

ನನ್ನ ಪುಟ ನಂಬಿ ಆಸ್ಪತ್ರೆ ದಾಟಿಕೊಂಡು ಬಂದವ್ರೆ. ಅಷ್ಟೂ ದಾರಿ ವಿಷ ಏರಿಕೊಂಡೇ ಬಂದಿದೆ.

"ಹಚ್ಚದೆ ಕಳಿಸಲ್ವಂತೆ ನೀವು, ಅದೂ ಬರ್ದಿದೆ" ಅಂದ.

ಹಚ್ಚಿದ್ರೆ ಮದ್ದಾಯ್ತು ಅಂತ ಇಲ್ಲೇ ಕೂರ್ತಾನೆ, ಅವಳು ನಮ್ಮ ಜಗಲಿ ಮೇಲೆ ಸಾಯ್ತಾಳೆ.

"ಹಚ್ಚಲ್ಲ. ಗಾಡಿ ತಿರುಗ್ಸು" ಅಂದು ನಾನೂ ಹಿಂದೆ ಹತ್ತಿದೆ.

ಅಜ್ಜಂಪುರದವರೆಗೆ ಅವಳ ಕತ್ತು ನನ್ನ ಹೆಗಲ ಮೇಲೆ ಬಿದ್ದಿತ್ತು. ಜೊಲ್ಲು ಸುರಿದು ನನ್ನ ರವಿಕೆ ನೆಂದಿತ್ತು. ಎಚ್ಚರ ತಪ್ಪದಿರಲಿ ಅಂತ ಚಿವುಟ್ತಾ ಇದ್ದೆ. ಮೊದಮೊದಲು ಮುಲುಕ್ತಿದ್ಲು, ಆಮೇಲೆ ಅದೂ ಇಲ್ಲ. ಸತ್ರೆ ಪೊಲೀಸರು ನನ್ನ ಮನೆಗೆ ಬರ್ತಾರೆ ಅಂತಲೂ ಹೆದರಿದೆ. ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಲಿ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಲ್ಲಿ ತರೀಕೆರೆಗೆ ಕಳಿಸಿದ್ರು. ಉಳೀತಾಳೋ ಇಲ್ವೋ ಅಂತ ಯಾರೂ ಹೇಳಲಿಲ್ಲ.

ಸಂಜೆ ಸೊಸೆ ಬಂದ್ಲು. "ಹಾವು ಯಾಕೆ ಹಾಕ್ದೆ?" ಅಂದೆ.

"ಚೇಳು ಅಂತ ಹುಡುಕೋರು ಕಮ್ಮಿ ಅತ್ತೆ, ಹಾವು ಅಂತ ಹುಡುಕೋರು ಜಾಸ್ತಿ. ಪುಟ ಮೇಲೆ ಬರಲಿ ಅಂತ ಆ ಮಾತು ಸೇರಿಸ್ದೆ."

"ಅವರು ಯಾವ ಹೊತ್ತಲ್ಲಿ ಹುಡುಕ್ತಾರೆ ಅಂತ ಯೋಚ್ನೆ ಮಾಡ್ಲಿಲ್ವೇನೇ?"

ಅವಳು ಅಳ್ತಾನೇ ಆ ಪುಟ ತೆಗೆದುಹಾಕಿದ್ಲು. ತೆಗೆದ ಮೇಲೂ ಹುಡುಕಿದ್ರೆ ಹಳೇ ಸಾಲು ಕಾಣ್ತಿತ್ತು. ಅದು ಅಳಿಸಿ ಹೋಗೋಕೆ ಕೆಲವು ದಿನ ಬೇಕಂತೆ. ಆ ದಿನಗಳಲ್ಲಿ ಬೈಕಿನ ಸದ್ದು ಕೇಳಿದ್ರೆ ಎದ್ದು ಬಾಗಿಲಿಗೆ ಓಡ್ತಿದ್ದೆ. ನಾಲ್ಕನೇ ದಿನ ಸಿಂಗಟಗೆರೆಯವನ ಫೋನ್ ಬಂತು. ಹೆಂಡತಿ ಕಣ್ಣು ಬಿಟ್ಟಿದ್ಲು.

ಒಂದು ತಿಂಗಳಾದ ಮೇಲೆ ಇಬ್ಬರೂ ಎಲೆಅಡಿಕೆ, ತೆಂಗಿನಕಾಯಿ ತಗೊಂಡು ಬಂದ್ರು. ಅವಳು ಕುಂಟ್ತಿದ್ಲು.

"ನಮ್ಮ ಕಡೆಯೋರಿಗೆಲ್ಲ ಹೇಳಿದ್ದೀನಿ ಅಜ್ಜಿ" ಅಂದ ಅವನು. "ಹಾವು ಕಡಿದ್ರೆ ಮೊದಲು ನಿಮ್ಮತ್ರ ಹೋಗಿ ಅಂತ."

"ಉಳಿಸಿದ್ದು ಇಂಜೆಕ್ಷನ್ ಕಣೋ."

"ಇಂಜೆಕ್ಷನ್ ಎಲ್ಲರಿಗೂ ಕೊಡ್ತಾರೆ, ಎಲ್ಲರೂ ಉಳೀತಾರಾ? ನಿಮ್ಮ ಕೈಗುಣ."

ತೆಂಗಿನಕಾಯಿ ಎತ್ತಿ ಅವನ ಚೀಲಕ್ಕೇ ಹಾಕಿದೆ. "ಯಾರ್ಯಾರಿಗೆ ಹೇಳಿದ್ದೀಯೋ ಅವರ ಮನೆಗೆಲ್ಲ ಹೋಗು. ಹಾವು ಕಡಿದ್ರೆ ಆಸ್ಪತ್ರೆಗೇ ಹೋಗಬೇಕು ಅಂತ ಹೇಳು. ಹೇಳಿ ಬಾ, ಆಮೇಲೆ ಇದನ್ನ ತಗೊಂತೀನಿ."

ಅವನು ನಕ್ಕ. ಅವಳು ನಗಲಿಲ್ಲ. "ನಾನೇ ಹೇಳ್ತೀನಿ ಬಿಡಿ ಅಜ್ಜಿ" ಅಂದ್ಲು.

ಹೇಳಿದ್ಲೋ ಇಲ್ವೋ. ಕಾಯಿ ತಗೊಂಡು ಇನ್ನೂ ಬಂದಿಲ್ಲ.